ಆರಕ್ಕೆ ಛೇ, ಏಳಕ್ಕೆ ಸತ್ತ್

ನಮ್ಮ ಪಿ.ಟಿ. ಮೇಡಂ ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಸೊಟ್ಟಗೆ ತಿರುಗಿತ್ತು. ಕಬಡ್ಡಿ ಆಡುತ್ತಿದ್ದ ಕಾಲಕ್ಕೆ ಮುರಿದು ಹಾಗೇ ಕೂಡಿಕೊಂಡದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಅವರು ಮೈದಾನಕ್ಕಿಳಿದರೆ ಕುಣಿಗಲ್ಲಿನ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರೂ ದಾರಿ ಬಿಡುತ್ತಿದ್ದರು. “ಔಟಾದ್ರೆ ಎದ್ದು ಆಚೆ ಹೋಗ್ರೇ. ಆಗ್ದಿದ್ರೆ ಯಾರ್ ಹೇಳಿದ್ರೂ ಕದಲ್ಬೇಡಿ” ಎನ್ನುವುದು ಅವರ ನಿತ್ಯದ ಮಾತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಂಜಾಬಿನ ಒಂದು ಊರಿನ ಕಬಡ್ಡಿ ಪಂದ್ಯಾವಳಿಗೆ ನಮ್ಮ ತಂಡಕ್ಕೆ ಕರೆ ಬಂತು. ಮೊದಲ ಪಂದ್ಯ ಶುಕ್ರವಾರ ಎಂದಿದ್ದರು. ನಾವು ಅಲ್ಲಿಗೆ ಮುಟ್ಟಿದ ಬುಧವಾರ ಸಂಜೆ ಮೈಕಿನಲ್ಲಿ ಏನೋ ಕೂಗಿದರು; ‘ವೀರ್‌ವಾರ್’ ಎಂಬುದೊಂದು ಕಿವಿಗೆ ಬಿತ್ತು. ಯಾವುದೋ ತಂಡದ ಹೆಸರಿರಬೇಕು ಎಂದುಕೊಂಡೆವು. ಅದು ಗುರುವಾರ! ಪಂದ್ಯವನ್ನು ಒಂದು ದಿನ ಮುಂಚೆಗೇ ಹಾಕಿದ್ದರು. ಮರುದಿನ ಬಟ್ಟೆ ಒಗೆಯುತ್ತಿದ್ದವರನ್ನು ಎಬ್ಬಿಸಿಕೊಂಡು ಹೋದರು. ಖಾಲಿ ಹೊಟ್ಟೆಯಲ್ಲಿ ಆಡಿ ಸೋತೆವು. ಮೇಡಂ ದೂರು ಕೊಟ್ಟರೆ ಮೇಜಿನ ಹಿಂದೆ ಕೂತಿದ್ದವರು, ಭಾಷೆ ಬಾರದಿದ್ದರೆ ನಾವೇನು ಮಾಡೋಣ ಎಂದು ನಕ್ಕರು.

ಮ್ಯಾನೇಜರಾಗಿ ಬಂದಿದ್ದ ಗಣಿತದ ಮೇಷ್ಟ್ರು ಮೆಲ್ಲಗೆ ಹೇಳಿದರು: “ಹೋಗ್ಲಿ ಬುಡಿ ಮೇಡಂ. ದೂರದಿಂದ ಬಂದೋರು, ಜಗಳ ಯಾಕೆ?”

“ದೂರದಿಂದ ಬಂದಿರೋದು ಆಡಕ್ಕೆ ಸಾರ್, ನಗಿಸ್ಕೊಳಕ್ಕಲ್ಲ.”

ಮೇಡಂ ನೇರವಾಗಿ ಅಡುಗೆಮನೆಗೆ ಹೋಗಿ, ತಂಡಗಳಿಗೆ ರೊಟ್ಟಿ ಮಾಡುತ್ತಿದ್ದ ಹೆಂಗಸಿನ ಪಕ್ಕ ಹಿಟ್ಟು ನಾದುತ್ತಾ ಕೂತರು. ಬೆರಳು ತೋರಿಸಿ ತೋರಿಸಿ ಕೇಳಿದರು. ಆಕೆ ಒಂದೊಂದು ರೊಟ್ಟಿಗೂ ಒಂದೊಂದು ಎಣಿಸಿದಳು: ಇಕ್, ದೋ, ತಿನ್, ಚಾರ್, ಪಂಜ್…

“ಆರಕ್ಕೆ ಛೇ, ಏಳಕ್ಕೆ ಸತ್ತ್ ಅಂತೆ ಕಣ್ರೇ! ಛೇ, ಸತ್ತ! ಇದನ್ನೂ ಮರೀತೀರಾ?” ಎಂದು ಮೇಡಂ ನಮ್ಮನ್ನೂ ಕೂರಿಸಿಕೊಂಡರು. ಬಿದ್ದು ಬಿದ್ದು ನಕ್ಕೆವು. ವಾರಗಳ ಸರದಿ ಬಂದು ಭಾನುವಾರಕ್ಕೆ ‘ಐತ್‌ವಾರ್’ ಎಂದಾಗ, ಚೇಳೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ ಕುಣಿದಳು: “ನಮ್ಮಜ್ಜೀನೂ ಐತ್ವಾರ ಅಂತಾಳೆ ಮೇಡಂ!”

ಮುಂದಿನ ಪಂದ್ಯ ಸೋತರೆ ನಾವು ಹೊರಗೆ. ಕೊನೆಯ ಗಳಿಗೆಯಲ್ಲಿ ನಮ್ಮದು ಇಪ್ಪತ್ತಾಗಿತ್ತು, ಅವರದು ಹತ್ತೊಂಬತ್ತು. ಅಂಕ ಬರೆಯುವವನು ಇಬ್ಬರಿಗೂ ‘ಉನ್ನಿ’ ಎಂದು ಕೂಗಿದ. ಉನ್ನಿ ಎಂದರೆ ಹತ್ತೊಂಬತ್ತು. ಮೇಡಂ ಮೇಜಿನ ಮೇಲೆ ಕೈ ಬಡಿದರು.

“ಉನ್ನಿ ನಹೀ, ವೀಹ್!”

ಆತ ಬೆಪ್ಪಾಗಿ ನೋಡಿದ. ಮೇಡಂ ನಮ್ಮ ಕಡೆ ತಿರುಗಿ, “ಇಪ್ಪತ್ತು ಅಂತ ಬರಿಯೋವರ್ಗೂ ಯಾರೂ ಕೋರ್ಟ್ ಬಿಡ್ಬೇಡ್ರೇ” ಎಂದರು. ಕೂತುಬಿಟ್ಟೆವು. ನೋಡುತ್ತಿದ್ದ ಅಲ್ಲಿನ ಹೆಂಗಸರೇ ‘ವೀಹ್, ವೀಹ್’ ಎಂದು ಕೂಗತೊಡಗಿದರು. ಕೊನೆಗೆ ತಿದ್ದಿದರು. ಗೆದ್ದೆವು. ಅದರ ಮುಂದಿನ ಸುತ್ತಿನಲ್ಲಿ ಸೋತೆವು; ಅದು ನ್ಯಾಯವಾದ ಸೋಲು, ಮೇಡಂ ಗೆದ್ದವರ ಕೈ ಕುಲುಕಿ ಬಂದರು.

ಊರಿಗೆ ಬಂದ ಮೇಲೆ ಹೆಡ್‌ಮಾಸ್ಟರು, ಜಗಳವಾಡಿದ್ದಕ್ಕೆ ಕ್ಷಮೆ ಬರೆದುಕೊಡಿ ಎಂದರು.

“ಬರೆಯಲ್ಲ ಸಾರ್. ಪಾಯಿಂಟು ನಮ್ದು.”

ಅವರಿಂದ ತಂಡವನ್ನೇ ಕಿತ್ತುಕೊಂಡರು. ದಿನಾ ಸಂಜೆ ಕ್ಲಾಸು ಮುಗಿದ ಮೇಲೆ ಮೇಡಂ ಕೆರೆ ಪಕ್ಕದ ಬಯಲಲ್ಲಿ ನಮಗೆ ಆಟ ಕಲಿಸಿದರು.

ಹೋದ ವರ್ಷ ತುಮಕೂರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಾನೀಗ ಗುಬ್ಬಿಯಲ್ಲಿ ಪಿ.ಟಿ. ಟೀಚರ್. ಮೊನ್ನೆ ಆಡಳಿತ ಮಂಡಳಿಯವರೊಬ್ಬರು ಬಂದು, ಸಂಜೆ ಹೊತ್ತು ಮೈದಾನ ಹುಡುಗರಿಗೆ ಬಿಟ್ಟುಕೊಡಿ, ಹೆಣ್ಣುಮಕ್ಕಳು ಮನೆಗೆ ಹೋಗಲಿ ಎಂದರು. “ಬಿಡಲ್ಲ ಸಾರ್” ಎಂದೆ. ಕೋರ್ಟಿನ ಗೆರೆ ಬಿಟ್ಟು ಕದಲಲಿಲ್ಲ. ಹುಡುಗಿಯರು ಈಗಲೂ ಅಲ್ಲೇ ಆಡುತ್ತಿದ್ದಾರೆ.