ಮಹಾಂತೇಶನ ಹಾಜರಿ ಹಾಳೆಗಳು ನನ್ನ ಬಳಿಯೇ ಇದ್ದವು

ಆ ಹಾಳೆಗಳು ನನ್ನ ಬಳಿಯೇ ಇದ್ದವು. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ಮಹಾಂತೇಶನ ಹೆಂಡತಿ ಸವಿತಾ ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿದಾಗ ಅವು ನನ್ನ ಮನೆಯ ಕಪಾಟಿನಲ್ಲಿ, ಚಳಿಗಾಲದ ಕೋಟುಗಳ ಕೆಳಗೆ, ಒಂದು ಹಸಿರು ಫೈಲಿನಲ್ಲಿದ್ದವು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಬರಿಯಲ್ಲಿ ಬಾಯಿತಪ್ಪಿ ಬಂದ ಮಾತಲ್ಲ ಅದು — ಯೋಚಿಸಿ ಹೇಳಿದ್ದು.

ಇದನ್ನು ಬರೆಯಬೇಡಿ ಎಂದು ಈ ಆರು ತಿಂಗಳಲ್ಲಿ ಎಷ್ಟೋ ಜನ ಹೇಳಿದ್ದಾರೆ. ಜಪಾನಿನ ಯೋಕೋಹಾಮಾದ ಕನ್ನಡದವರು, ಎಡೋಗಾವಾದ ಕನ್ನಡದವರು, ನನ್ನ ಹಳೆಯ ಕಚೇರಿಯವರು, ಅವರ ವಕೀಲರು. ‘ಆಗಿದ್ದು ಆಗೋಯ್ತು, ಈಗ ಯಾಕೆ ಕೆದಕ್ತೀರ?’ ಎಂಬುದೇ ಎಲ್ಲರ ಪ್ರಶ್ನೆ. ಅವರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ. ಕಣ್ಣೀರು ಒರೆಸಿಕೊಂಡು ಬರೆಯುತ್ತಿಲ್ಲ. ಅಳುವ ಹಕ್ಕು ಇಲ್ಲಿ ನನಗಿಲ್ಲ.

ನನ್ನ ಹೆಸರು ಶೈಲಜಾ. ಗಂಡನ ಕಂಪನಿ ಜಪಾನಿಗೆ ಕಳಿಸಿದಾಗ ಅವರ ಜೊತೆ ಮೈಸೂರಿನಿಂದ ಬಂದವಳು. ಮನೆಯಲ್ಲಿ ಕೂತು ಬೇಸರವಾಗಿ ಜಪಾನಿ ಕಲಿತೆ. ಹಟ ಹಿಡಿದು ಬರೆಯುವುದನ್ನೂ ಕಲಿತೆ. ಆ ಬಲದ ಮೇಲೆ ಯೋಕೋಹಾಮಾದ ಒಂದು ಸಣ್ಣ ಸಲಹಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅದನ್ನು ನಡೆಸುತ್ತಿದ್ದವರು ಪ್ರಕಾಶ್ ಎಂಬ ಬೆಂಗಳೂರಿನವರು. ಕಂಪನಿಯ ನೌಕರಿಯಲ್ಲಿಲ್ಲದೆ ಗುತ್ತಿಗೆಯ ಮೇಲೆ ದುಡಿಯುವ ನಮ್ಮ ದೇಶದ ಎಂಜಿನಿಯರುಗಳು ನಮ್ಮ ಗಿರಾಕಿಗಳು. ಹೀಗೆ ದುಡಿಯುವವರಿಗೆ ಒಂದು ಭಯ ಇದ್ದೇ ಇರುತ್ತದೆ. ಒಂದು ದಿನ ತೆರಿಗೆ ಕಚೇರಿಯವರು ಬಂದು, ನೀವು ನಿಜಕ್ಕೂ ಸ್ವತಂತ್ರವಾಗಿ ಕೆಲಸ ಮಾಡುವವರೋ, ಅಥವಾ ಹೆಸರಿಗೆ ಗುತ್ತಿಗೆದಾರರಾಗಿ ಒಳಗೆ ನೌಕರರೋ ಎಂದು ಕೇಳಬಹುದು. ನೌಕರರೇ ಎಂದು ಅವರಿಗೆ ಕಂಡರೆ ಹಿಂದಿನ ವರ್ಷಗಳ ಕಾಗದಪತ್ರಗಳೆಲ್ಲ ಮತ್ತೆ ಹೊರಗೆ ಬರುತ್ತವೆ, ಬಾಕಿ ತೆರಿಗೆ ಕಟ್ಟಬೇಕಾಗುತ್ತದೆ. ಆ ಭಯಕ್ಕೆ ನಾವು ಎರಡು ಮದ್ದು ಮಾರುತ್ತಿದ್ದೆವು. ಕರಾರು ಓದಿ ಸಲಹೆ ಕೊಡುವುದು ಒಂದು, ವಿಮೆ ಇನ್ನೊಂದು. ತನಿಖೆ ಬಂದರೆ ನಿಮ್ಮ ಪರವಾಗಿ ಮಾತಾಡುವ ಆಡಿಟರನ್ನು ವಿಮೆಯೇ ಒದಗಿಸುತ್ತದೆ ಎಂದು ನಮ್ಮ ಕರಪತ್ರದಲ್ಲಿ ಬರೆದಿತ್ತು. ಆ ಸಾಲನ್ನು ಬರೆದವಳೂ ನಾನೇ.

ಮಹಾಂತೇಶ ಹುಬ್ಬಳ್ಳಿಯವನು. ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ, ತಗಡನ್ನು ಒತ್ತಿ ಆಕಾರ ಕೊಡುವ ಡೈಗಳ ನಕ್ಷೆ ಮಾಡುತ್ತಿದ್ದ. ಗೆರೆ ಒಂದು ಕೂದಲೆಳೆಯಷ್ಟು ತಪ್ಪಿದರೂ ತಗಡು ಹರಿಯುತ್ತದೆ ಎಂದು ಒಮ್ಮೆ ನನ್ನ ಮೇಜಿನ ಮೇಲಿದ್ದ ಕಾಗದವನ್ನೇ ಮಡಿಸಿ ತೋರಿಸಿದ್ದ. ವಿಮೆ ಮಾಡಿಸಲು ಬಂದ ಮೊದಲ ದಿನವೇ ನನ್ನನ್ನು ‘ಅಕ್ಕಾರ’ ಎಂದು ಕರೆದ. ಆಮೇಲೆ ಸವಿತಾ ಮಾಡಿದ ಶೇಂಗಾ ಚಟ್ನಿ ಪುಡಿ ನಮ್ಮ ಮನೆಯಲ್ಲಿ ಖಾಲಿಯಾಗಲು ಅವರಿಬ್ಬರೂ ಬಿಡಲಿಲ್ಲ.

ಕರಾರಿನ ಪ್ರಕಾರ ಅವನು ಸ್ವತಂತ್ರ. ನಡೆಯುತ್ತಿದ್ದದ್ದು ಬೇರೆ. ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕು. ಕಾರ್ಖಾನೆಯ ಬೂದು ಸಮವಸ್ತ್ರ ಹಾಕಬೇಕು, ಉಳಿದವರ ಜೊತೆ ಸಾಲಿನಲ್ಲಿ ನಿಂತು ಕಸರತ್ತು ಮಾಡಬೇಕು. ಒಂದು ದಿನ ರಜೆ ಬೇಕಾದರೂ ಮೇಲ್ವಿಚಾರಕ ಮೊರಿತಾ ಸಾನ್ ಅವರ ಒಪ್ಪಿಗೆ ಬೇಕು. (‘ಸಾನ್’ ಎಂದರೆ ನಮ್ಮ ‘ಅವರು’ ಇದ್ದಂತೆ, ಮರ್ಯಾದೆಯ ಮಾತು.) ಇದೆಲ್ಲ ನನಗೆ ಮೊದಲಿನಿಂದಲೂ ತಿಳಿದಿತ್ತು.

ತನಿಖೆ ಬಂದದ್ದು ಕಾರ್ಖಾನೆಯ ಮೇಲೆ. ಗುತ್ತಿಗೆದಾರರೆಂದು ತೋರಿಸಿದವರು ನಿಜವಾಗಿ ನೌಕರರಲ್ಲವೇ ಎಂಬ ಪ್ರಶ್ನೆ ಎದ್ದಿತು. ಅಂಥವರ ಪಟ್ಟಿಯಲ್ಲಿ ಮಹಾಂತೇಶನ ಹೆಸರಿತ್ತು. ಪ್ರಕಾಶ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಶೈಲಜಾ, ಫ್ಯಾಕ್ಟರಿನೂ ನಮ್ಮ ಹತ್ರಾನೇ ಪಾಲಿಸಿ ಮಾಡ್ಸಿದೆ, ಗೊತ್ತಲ್ಲ? ಅದು ದೊಡ್ಡ ಅಕೌಂಟ್. ಆಡಿಟರ್ ಒಕಾದಾ ಸಾನ್ ಬರೋದು ಅವರ ಪಾಲಿಸಿ ಮೇಲೆ, ಅವರ ಸೈಡ್ ಮಾತಾಡೋಕೆ. ಮಹಾಂತೇಶ್‌ಗೆ ಅದನ್ನೆಲ್ಲ ಎಕ್ಸ್‌ಪ್ಲೇನ್ ಮಾಡ್ತಾ ಕೂತ್ಕೋಬೇಡಿ. ಜಸ್ಟ್ ಆನ್ಸರ್ಸ್ ಬರ್ಸಿ, ಸೀಲ್ ತಗೊಳ್ಳಿ.”

ಸರಿ ಎಂದೆ.

ಕಾರ್ಖಾನೆಯ ಸಭೆಯ ಕೋಣೆಯಲ್ಲಿ ನಾವು ಮೂವರೇ ಕೂತಿದ್ದೆವು — ಒಕಾದಾ ಸಾನ್, ಮಹಾಂತೇಶ, ನಾನು. ಮಧ್ಯಾಹ್ನ ಮೂರರ ಹೊತ್ತು. ಕೆಳಗಿನಿಂದ ತಗಡು ಒತ್ತುವ ಪ್ರೆಸ್ಸುಗಳ ಸದ್ದು ಮೇಜಿಗೂ ಬಡಿಯುತ್ತಿತ್ತು. ಒಕಾದಾ ಸಾನ್ ತಲೆಬಾಗಿ ಕಾರ್ಡು ಕೊಟ್ಟರು. ಮಹಾಂತೇಶ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಕಡೆ ವಾಲಿ ಕೇಳಿದ:

“ಅಕ್ಕಾರ, ಇವರು ನಮ್ಮ ಪರವಾಗಿ ಬಂದವರೇನ್ರಿ?”

“ಹೌದು” ಎಂದೆ.

ಅಷ್ಟೇ. ಎಷ್ಟು ಸಲೀಸಾಗಿ ಬಂತು ಆ ಮಾತು... ಅವನ ಮುಖ ತಿಳಿಯಾಯಿತು. ಬೆನ್ನು ಕುರ್ಚಿಗೆ ಆನಿಸಿ ಕೂತ.

ಪ್ರಶ್ನೆಗಳ ಹಾಳೆ ಜಪಾನಿಯಲ್ಲಿತ್ತು. ಅವನಿಗೆ ಮಾತಾಡಲು ಬರುತ್ತಿತ್ತು, ಓದಲು ಅಷ್ಟಾಗಿ ಬರುತ್ತಿರಲಿಲ್ಲ. ನಾನೇ ಓದಿ ನಾನೇ ಉತ್ತರ ಬರೆಯುತ್ತ ಹೋದೆ. ಕೆಲಸಕ್ಕೆ ಬರುವ ಸಮಯವನ್ನು ಯಾರು ಗೊತ್ತುಮಾಡುತ್ತಾರೆ? ನಾನೇ. ಬೇರೆಯವರನ್ನು ನಿಮ್ಮ ಬದಲಿಗೆ ಕಳಿಸಬಹುದೇ? ಕಳಿಸಬಹುದು. ಯಾರ ಅಪ್ಪಣೆಯ ಮೇಲೆ ಕೆಲಸ ಮಾಡುತ್ತೀರಿ? ಯಾರದೂ ಅಲ್ಲ. ಬರೆದದ್ದನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ, ಹೇಳದೆ ಇರಲಿಲ್ಲ. ಅವನು ಗಲಿಬಿಲಿಗೊಂಡ.

“ಇದೇನ್ರಿ ಅಕ್ಕಾರ? ಮೊರಿತಾ ಸಾನ್ ಎಂಟಕ್ಕ ಬಾ ಅಂತಾರ, ನಾ ಎಂಟಕ್ಕ ಬರ್ತೀನಿ. ಇದು ಖರೇ ಅಲ್ಲಲ್ರಿ.”

“ಇದು ಬರೀ ಒಂದು ಪದ್ಧತಿ, ಮಹಾಂತೇಶ್. ಎಲ್ಲರೂ ಹೀಗೇ ಬರೆಯೋದು. ಸೀಲ್ ಒತ್ತಿ, ನಿಮಗೇ ಒಳ್ಳೇದು.”

ಅವನು ಜೇಬಿನಿಂದ, ಇಲ್ಲಿ ಸಹಿಯ ಬದಲು ಒತ್ತುವ, ತನ್ನ ಹೆಸರಿನ ಸಣ್ಣ ಸೀಲ್ ತೆಗೆದು, ಕೆಂಪು ಶಾಯಿಗೆ ಅದ್ದಿ, ನಕ್ಷೆ ಬರೆಯುವವನ ಅದೇ ಎಚ್ಚರದಿಂದ ನೆಟ್ಟಗೆ ಒತ್ತಿದ. ಆಮೇಲೆ ಒಕಾದಾ ಸಾನ್ ಹೊರಗೆ ಹೋದಾಗ ತನ್ನ ಚೀಲದಿಂದ ಹಸಿರು ಫೈಲ್ ತೆಗೆದುಕೊಟ್ಟ. ವಾರವಾರದ ಹಾಜರಿ ಹಾಳೆಗಳು — ಬಂದ ಹೊತ್ತು, ಹೋದ ಹೊತ್ತು, ಆ ದಿನ ಮಾಡಬೇಕಾದ ಕೆಲಸ, ಪ್ರತಿಯೊಂದರ ಕೆಳಗೂ ಮೊರಿತಾ ಸಾನ್ ಅವರ ಮುದ್ರೆ.

“ಇವನ್ನೂ ಇಟ್ಕೋರಿ. ನಾಳೆ ಏನರ ಬಂದ್ರ ಬೇಕಾಗ್ತಾವು.”

ಇಟ್ಟುಕೊಂಡೆ. ಕಚೇರಿಯ ಕಡತದಲ್ಲಿ ಸೇರಿಸಲಿಲ್ಲ, ಮನೆಗೆ ಒಯ್ದೆ. ತನಿಖೆ ಕಾರ್ಖಾನೆಗೆ ಏನೂ ಆಗದೆ ಮುಗಿಯಿತು. ಕೊನೆಯ ಸಭೆಯಲ್ಲಿ ಒಕಾದಾ ಸಾನ್ ಕಾರ್ಖಾನೆಯ ದೊಡ್ಡವರೆಲ್ಲರ ಎದುರು ನನ್ನ ಜಪಾನಿಯನ್ನು ಹೊಗಳಿ ತಲೆಬಾಗಿದರು. ನನಗೆ ಎಷ್ಟು ಹಿಗ್ಗಾಯಿತೆಂದು ಹೇಳಲೇಬೇಕು, ಏಕೆಂದರೆ ಕಾರಣ ಎಂದು ಏನಾದರೂ ಇದ್ದರೆ ಅದೇ. ಕೆಲಸ ಹೋದರೆ ವೀಸಾ ಹೋಗುತ್ತದೆ ಎಂಬ ಭಯ ನನಗಿರಲಿಲ್ಲ. ಮನೆ ನಡೆಯಲು ಆ ಸಂಬಳವೇ ಬೇಕಿರಲಿಲ್ಲ. ಆ ಕೋಣೆಯಲ್ಲಿ ನಾನು ದೊಡ್ಡವರ ಜೊತೆ ಕೂತಿದ್ದೆ. ಅಲ್ಲಿಂದ ಏಳಲು ಮನಸ್ಸಿರಲಿಲ್ಲ.

ಎಂಟು ತಿಂಗಳ ಮೇಲೆ, ಹೊಸ ಡೈ ಒಂದನ್ನು ನೋಡಿ ಬಾ ಎಂದು ಮೊರಿತಾ ಸಾನ್ ಅವನನ್ನು ಪ್ರೆಸ್ಸಿನ ಬಳಿಗೆ ಕಳಿಸಿದರು. ನಕ್ಷೆ ಮಾಡುವವನು ಅಲ್ಲಿಗೆ ಹೋಗುವುದೇ ಕರಾರಿನಲ್ಲಿರಲಿಲ್ಲ. ಅವನು ಬಾಗಿ ನೋಡುತ್ತಿದ್ದಾಗ ಡೈ ಜಾರಿತು. ಬಲಗೈಯ ಮೂರು ಬೆರಳು ಹೋದವು.

ಕಾರ್ಖಾನೆಯವರು ಹೂವು ಕಳಿಸಿದರು. ಜೊತೆಗೆ, ಅವನೇ ಸೀಲ್ ಒತ್ತಿದ ಆ ಉತ್ತರಗಳ ಪ್ರತಿಯನ್ನೂ ಕಳಿಸಿದರು — ನೀವು ಸ್ವತಂತ್ರರು, ನಮ್ಮ ಕಾರ್ಮಿಕರಲ್ಲ ಎಂದು. ಸವಿತಾ ಫೋನ್ ಮಾಡಿದ್ದು ಆವತ್ತು.

“ಅಕ್ಕಾರ, ಇವರ ಹಾಜರಿ ಹಾಳಿ ನಿಮ್ಮ ಕಡೆ ಅದಾವಂತ. ಅವು ಸಿಕ್ಕರ ತೋರಸಬಹುದಿತ್ರಿ.”

“ನಮ್ಮ ಹತ್ರ ಅಂಥದ್ದೇನೂ ಇಲ್ಲ, ಸವಿತಾ.”

“ಹಂಗಾರ ಪರಿಹಾರಕ್ಕ ಅರ್ಜಿ ಹಾಕಾಕೂ ಬರೂದಿಲ್ಲೇನ್ರಿ?”

“ಗುತ್ತಿಗೆದಾರರಿಗೆ ಅದು ಬರಲ್ಲ.”

ಮೊದಲನೆಯ ಸುಳ್ಳಿಗಿಂತ ಈ ಎರಡನೆಯದು ದೊಡ್ಡದು. ಕಾಗದದ ಮೇಲೆ ಏನು ಬರೆದಿದೆ ಎಂಬುದರ ಮೇಲೆ, ಈ ಪರಿಹಾರ ಕೊಡುವ ಸರ್ಕಾರಿ ಕಾರ್ಮಿಕ ಕಚೇರಿ ತೀರ್ಮಾನ ಮಾಡುವುದಿಲ್ಲ. ಕೆಲಸ ಹೇಗೆ ನಡೆಯಿತು ಎಂದು ನೋಡುತ್ತದೆ. ಇದನ್ನು ನಮ್ಮ ಕಚೇರಿಗೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಿದ್ದವಳೇ ನಾನು. ಅವಳು ಅರ್ಜಿ ಹಾಕಿದರೆ ಆ ಉತ್ತರಗಳನ್ನು ಬರೆಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ... ಬೇಡ, ‘ಅದಕ್ಕೇ’ ಎನ್ನುವುದೇ ಬೇಡ. ಹೇಳಿದೆ, ಅಷ್ಟೆ.

ಅವರು, ನಮ್ಮ ದೇಶದವರು ಹೆಚ್ಚಾಗಿರುವ ಎಡೋಗಾವಾಕ್ಕೆ ಮನೆ ಬದಲಿಸಿದರು. ಸವಿತಾ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳತೊಡಗಿದಳು. ಮಹಾಂತೇಶ ದಿನಸಿ ಗೋದಾಮಿನಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ. ಪ್ರತಿ ಯುಗಾದಿಗೂ ನನಗೆ ಅವರ ಶುಭಾಶಯ ಬರುತ್ತಿತ್ತು. ನಾನೂ ಕಳಿಸುತ್ತಿದ್ದೆ! ನಾಲ್ಕು ವರ್ಷ ಕಳಿಸಿದೆ. ಫೈಲನ್ನು ಹರಿದು ಹಾಕಲಿಲ್ಲ. ಅದು ನನ್ನ ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ.

ಈ ವರ್ಷದ ಆರಂಭದಲ್ಲಿ ಪ್ರಕಾಶ್ ಎಡೋಗಾವಾದಲ್ಲಿ ಗುತ್ತಿಗೆದಾರರ ಸಭೆ ಕರೆದರು. ಭಾನುವಾರ ಬೆಳಿಗ್ಗೆ ಮೂವತ್ತು ಜನ ಸೇರಿದ್ದರು. ‘ನಮ್ಮ ಯಶಸ್ಸಿನ ಕಥೆ’ ಎಂದು ಪರದೆಯ ಮೇಲೆ ಹಾಕಿ, ಆ ಕಾರ್ಖಾನೆಯ ತನಿಖೆಯ ಬಗ್ಗೆಯೇ ಮಾತಾಡಲು ನನಗೆ ಹೇಳಿದ್ದರು. ಮಾತಾಡಿದೆ ಕೂಡ. ಮುಗಿಸುವಾಗ ಎರಡನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಆಗಷ್ಟೇ ಗುತ್ತಿಗೆ ಕೆಲಸಕ್ಕೆ ಸೇರಿದವಳು, ಎದ್ದು ನಿಂತಳು.

“ಮ್ಯಾಮ್, ನಾನೂ ನನ್ನ ಕಂಪನಿನೂ ಇಬ್ರೂ ನಿಮ್ಮ ಹತ್ರಾನೇ ಇನ್ಷೂರೆನ್ಸ್ ಮಾಡ್ಸಿದ್ರೆ, ಆಡಿಟರ್ ಯಾರ ಸೈಡ್ ಮಾತಾಡ್ತಾರೆ? ನನ್ ಸೈಡೇ ಅಲ್ವಾ?”

“ಅಲ್ಲ” ಎಂದೆ. “ನಿಮ್ಮ ಸೈಡ್ ಅಲ್ಲ. ನಿಮಗೆ ಬೇರೆಯವರೇ ಬೇಕು. ಕಂಪನಿ ಕಡೆಯವರು ಬರೆದುಕೊಟ್ಟ ಯಾವ ಹಾಳೆಗೂ ಸೀಲ್ ಒತ್ತಬೇಡಿ.”

ಪ್ರಕಾಶ್ ನಗುತ್ತ ಬಂದು ಮೈಕ್ ತೆಗೆದುಕೊಂಡರು. ಮಾರನೆಯ ದಿನ ಕಚೇರಿಯಲ್ಲಿ ಆ ನಗು ಇರಲಿಲ್ಲ. ಫೈಲಿನ ವಿಷಯವನ್ನು ನಾನೇ ಹೇಳಿದೆ. ಕಾರ್ಮಿಕ ಕಚೇರಿಗೆ ಕೊಡುತ್ತೇನೆ ಎಂದೂ ಹೇಳಿದೆ.

“ತಲೆ ಕೆಟ್ಟಿದೆಯಾ ನಿಮಗೆ? ಕ್ಲೈಂಟ್ ಡಾಕ್ಯುಮೆಂಟ್ಸ್ ಮನೆಗೆ ತಗೊಂಡ್ ಹೋಗಿ ಬಚ್ಚಿಟ್ಟಿದ್ದು ನೀವು. ಆನ್ಸರ್ಸ್ ಬರೆದಿರೋದು ನಿಮ್ಮ ಹ್ಯಾಂಡ್‌ರೈಟಿಂಗ್. ಫಸ್ಟ್ ಸಿಕ್ಕಿಬೀಳೋದು ನೀವೇ.”

“ಸಿಕ್ಕಿಬೀಳ್ತೀನಿ” ಎಂದೆ. “ನೀವು ಎರಡನೆಯವರು.”

ಅವತ್ತೇ ಕೆಲಸ ಬಿಟ್ಟೆ.

ಮುಂದಿನ ಶನಿವಾರ ಫೈಲ್ ಹಿಡಿದು ಮಹಾಂತೇಶನ ಮನೆಗೆ ಹೋದೆ. ಸವಿತಾ ಚಹಾಕ್ಕೆ ನೀರಿಟ್ಟಳು. ಅದು ಕುದಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ — ಒಕಾದಾ ಸಾನ್ ಯಾರ ಪರವಾಗಿ ಬಂದಿದ್ದರು, ಹಾಳೆಗಳು ಎಲ್ಲಿದ್ದವು, ಅರ್ಜಿ ಹಾಕಬಹುದೆಂದು ನನಗೆ ಹೇಗೆ ಗೊತ್ತಿತ್ತು. ಸವಿತಾ ಒಲೆ ಆರಿಸಿ ಗೋಡೆಗೆ ಒರಗಿ ನಿಂತಳು. ಮಹಾಂತೇಶ ಉಳಿದ ಎರಡು ಬೆರಳಿನಲ್ಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಕೊನೆಯದನ್ನೂ ನೋಡಿ ಫೈಲ್ ಮುಚ್ಚಿದ.

“ನಾ ಇವನ್ನ ನಿಮಗ ಕೊಟ್ಟಿದ್ದು ನನಗ ನೆನಪಿತ್ರಿ” ಎಂದ. “ಆದ್ರ ನೀವು ಇಲ್ಲ ಅಂದ್ರಿ. ‘ಅಕ್ಕಾ ಸುಳ್ಳ ಹೇಳಾಂಗಿಲ್ಲ, ನೀವ ಎಲ್ಲೋ ಬಿಟ್ಟು ಬಂದೀರಿ’ ಅಂತ ಇಕಿ ನನಗ ಅಂದ್ಲು. ನಾನೂ ಹಂಗ ತಿಳಕೊಂಡೆ. ನಾಲ್ಕು ವರ್ಷ... ನನ್ನ ತಲಿ ಮ್ಯಾಲೇ ನನಗ ನಂಬಿಕಿ ಹೋಗಿತ್ತು.”

ಬೆರಳುಗಳ ಲೆಕ್ಕ ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಊನಕ್ಕೆ ಪರಿಹಾರ ಕೇಳುವ ಗಡುವು ಇನ್ನೂ ಮುಗಿದಿಲ್ಲ, ನಾನು ಬಂದು ಹೇಳಿಕೆ ಕೊಡುತ್ತೇನೆ ಎಂದೆ. ಸವಿತಾ ಬಾಗಿಲು ತೆರೆದಳು. ಅವನು ಕೂತಲ್ಲಿಂದಲೇ ಹೇಳಿದ:

“ಸಾಕ್ಷಿ ಹೇಳ್ರಿ. ಆದ್ರ ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ.”

ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ‘ಇರಲಿ ಬಿಡ್ರಿ’ ಎನ್ನುವ ಹೊರೆಯನ್ನೂ ಅವನ ಮೇಲೆ ಹಾಕಿದಂತಾಗುತ್ತಿತ್ತು.

ಕಾರ್ಮಿಕ ಕಚೇರಿಯಲ್ಲಿ ಮೂರು ಸಲ ಹೇಳಿಕೆ ಕೊಟ್ಟೆ. ಈ ಹೇಳಿಕೆ ನಿಮ್ಮ ವಿರುದ್ಧವೂ ಹೋಗಬಹುದು, ತಿಳಿದಿದೆಯೇ ಎಂದು ಅಧಿಕಾರಿ ಕೇಳಿದರು. ತಿಳಿದಿದೆ ಎಂದೆ, ಹೆಸರು, ವಿಳಾಸ ಬರೆದೆ. ಹೋದ ವಾರ ತೀರ್ಮಾನ ಬಂತು. ಆ ಕಾರ್ಖಾನೆಯಲ್ಲಿ ಮಹಾಂತೇಶ ಕಾರ್ಮಿಕನೇ ಆಗಿದ್ದ ಎಂದು ಸರ್ಕಾರ ಒಪ್ಪಿದೆ, ಪರಿಹಾರ ಸಿಗುತ್ತದೆ. ಆದರೂ ಅವನು ಮತ್ತೆ ಗೆರೆ ಎಳೆಯಲಾರ. ಅದು ನನಗೆ ದಿನವೂ ಗೊತ್ತಿದೆ.

ಗೋಪ್ಯತೆ ಮುರಿದಿದ್ದೀರಿ ಎಂದು ನನಗೆ ಪ್ರಕಾಶ್ ಅವರ ವಕೀಲರ ನೋಟಿಸು ಬಂದಿದೆ. ಹೌದು, ಮುರಿದಿದ್ದೇನೆ. ಕೋರ್ಟಿನಲ್ಲೂ ಅದನ್ನೇ ಹೇಳುತ್ತೇನೆ. ಹಾಗೆಯೇ ಇನ್ನೊಂದು ಸಂಗತಿಯನ್ನೂ ಎಲ್ಲರೂ ಕೇಳಿಸಿಕೊಳ್ಳಲಿ: ಆ ತನಿಖೆಯಲ್ಲಿ ನಾನು ಉತ್ತರ ಬರೆದುಕೊಟ್ಟದ್ದು ಒಬ್ಬನಿಗಲ್ಲ. ಇನ್ನೂ ನಾಲ್ವರಿದ್ದಾರೆ. ಎಲ್ಲರೂ ಇವತ್ತಿಗೂ ಅದೇ ಕಾರ್ಖಾನೆಗೆ ಎಂಟಕ್ಕೆ ಹಾಜರಾಗುತ್ತಿದ್ದಾರೆ. ನಾಲ್ವರಿಗೂ ಫೋನ್ ಮಾಡಿ, ನಾನು ಬರೆದದ್ದು ಸುಳ್ಳೆಂದು ತಿಳಿಸಿದ್ದೇನೆ. ಇಬ್ಬರು ಬೈದು ಫೋನ್ ಇಟ್ಟರು. ಒಬ್ಬ ಯೋಚಿಸುತ್ತೇನೆ ಎಂದಿದ್ದಾನೆ. ಇನ್ನೊಬ್ಬ ಬರುತ್ತೇನೆ ಎಂದಿದ್ದಾನೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಜೊತೆ ಕಾರ್ಮಿಕ ಕಚೇರಿಗೆ ಹೋಗುತ್ತಿದ್ದೇನೆ. ತಡೆಯಬೇಕೆನ್ನುವವರು ಅಲ್ಲಿಗೇ ಬರಲಿ.