ಗಿಲಾವಿಲ್ಲದ ಮನೆ

ಚಿಂತಾಮಣಿಯಲ್ಲಿ ಸ್ವಲ್ಪ ಹಳೆಯದಾದ ಯಾವ ಮನೆಯ ಗೋಡೆ ಮುಟ್ಟಿದರೂ ಅದು ನಮ್ಮಪ್ಪನ ಕೈಕೆಲಸವೇ ಆಗಿರಬಹುದು. ಅಪ್ಪ ಗಾರೆ ಮೇಸ್ತ್ರಿ. ಅದರಲ್ಲೂ ಗಿಲಾವು ಮಾಡುವುದರಲ್ಲಿ ಎತ್ತಿದ ಕೈ. ಇಟ್ಟಿಗೆ ಜೋಡಿಸುವವರು ಬೀದಿಗೊಬ್ಬರು ಸಿಗುತ್ತಾರೆ, ಗೋಡೆ ನುಣ್ಣಗೆ ಮಾಡುವವನು ಬೇರೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಜಂಬವೇ ಅನ್ನಿ. ಕೆಲಸ ಮುಗಿದ ಮೇಲೆ ಕೈಯ ಹಿಂಬದಿಯಿಂದ ಗೋಡೆ ಸವರಿ ನೋಡುತ್ತಿದ್ದ. ಅಂಗೈ ಸಿಮೆಂಟು ತಿಂದು ದಡ್ಡುಗಟ್ಟಿತ್ತು, ಅದಕ್ಕೆ ನಯ ಒರಟು ಒಂದೂ ತಿಳಿಯುತ್ತಿರಲಿಲ್ಲ.

ನಾವಿದ್ದದ್ದು ಮಾತ್ರ ಅಂಬಾಜಿದುರ್ಗದ ಕಡೆಯ ಹಳ್ಳಿಯಲ್ಲಿ, ಮಣ್ಣಿನ ಗೋಡೆಯ ಮನೆಯಲ್ಲಿ. ಹಬ್ಬ ಬಂದರೆ ಅಮ್ಮ ಸಗಣಿಗೆ ಕೆಮ್ಮಣ್ಣು ಕಲಸಿ ಬಳಿಯುತ್ತಿದ್ದಳು. ಊರಿಗೆಲ್ಲ ಗಿಲಾವು ಮಾಡುವವನ ಮನೆಗೇ ಗಿಲಾವಿಲ್ಲ ಎಂದು ನೆಂಟರು ಆಡಿಕೊಂಡರೆ ಅಪ್ಪ, "ನನ್ ಮಗಳು ಮನೆ ಕಟ್ಲಿ, ಆಗ ಬಂದು ನೋಡ್ರಿ" ಅನ್ನುತ್ತಿದ್ದ. ನಾನಾಗ ಮೂರನೇ ಕ್ಲಾಸು. ಅಮ್ಮ ತೀರಿಕೊಂಡಳು, ನಾನು ಓದಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಅಪ್ಪನ ಆ ಮಾತು ಮಾತ್ರ ಬದಲಾಗಲಿಲ್ಲ.

ಮೊಬೈಲು ಹಳ್ಳಿಗಳಿಗೂ ಬರತೊಡಗಿದ ವರ್ಷಗಳಲ್ಲಿ ಊರ ಹೊರಗೆ ಒಂದು ಸೈಟು ತೆಗೆದುಕೊಂಡೆ. ಅಷ್ಟು ಹೊತ್ತಿಗೆ ಒಂದು ತರಬೇತಿಯಲ್ಲಿ ಸುಡದ ಇಟ್ಟಿಗೆಯನ್ನು ನೋಡಿ ಬಂದಿದ್ದೆ. ಪಾಯ ತೋಡಿದ ಮಣ್ಣಿಗೇ ಮರಳು, ಒಂದಿಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಚಿಮುಕಿಸಿದರೆ ಇಟ್ಟಿಗೆ ತಯಾರು. ಇಟ್ಟಿಗೆ ಗೂಡುಗಳಿಗೆ ಲೋಡುಗಟ್ಟಲೆ ನೀಲಗಿರಿ ಮರ ಹೋಗುವುದನ್ನು ದಿನವೂ ಬಸ್ಸಿನಿಂದ ನೋಡುತ್ತಿದ್ದ ನನಗೆ ಅದರ ಹುಚ್ಚೇ ಹಿಡಿಯಿತು. ಸೌದೆ ಉರಿಸಬೇಕಿಲ್ಲ, ಗಿಲಾವೂ ಬೇಡ ಎಂದು ಅಪ್ಪನ ಎದುರಿಗೆ ಎಷ್ಟು ಸಲ ಕುಣಿದಾಡಿದೆನೋ. ಓದಿದವಳ ಕೊಬ್ಬು. ಅಪ್ಪ ಹೂಂಗುಡುತ್ತ, ಬೆಳಿಗ್ಗೆ ಸಂಜೆ ಇಟ್ಟಿಗೆಗೆ ನೀರು ಚಿಮುಕಿಸಿ ಒಣಹುಲ್ಲು ಮುಚ್ಚುತ್ತಿದ್ದ. ನಾನು ಹೇಳಿದ್ದನ್ನು ಅವನು ಒಪ್ಪಿದ್ದಾನೆ ಎಂದೇ ತಿಳಿದಿದ್ದೆ.

ಚಾವಣಿ ಮುಗಿದ ವಾರ ಒಂದು ಬೆಳಿಗ್ಗೆ ಅಪ್ಪ, ತೊಳೆದು ಎಣ್ಣೆ ಸವರಿದ, ಗಾರೆ ಮೆತ್ತುವ ಕರಣೆಯನ್ನು ಚೀಲದಲ್ಲಿಟ್ಟುಕೊಂಡು ಬಂದ. ತಲೆಗೆ ಹೊಸ ಟವಲು ಸುತ್ತಿದ್ದ.

"ಮರಳು ಜರಡಿ ಹಿಡಿಸಮ್ಮ. ನಾಳೆಯಿಂದ ಶುರು ಮಾಡ್ತೀನಿ."

"ಅಪ್ಪ, ಗಿಲಾವು ಬೇಡ ಅಂತ ಹೇಳ್ತಾನೇ ಇದೀನಲ್ಲ."

"ಹೊರಗಡೆ ಗೋಡೆಗೆ ಅನ್ಕೊಂಡಿದ್ದೆ."

"ಯಾವ ಗೋಡೆಗೂ ಬೇಡ."

ಅಪ್ಪ ನಡುಮನೆಯ ಪಡುವಣ ಗೋಡೆ ತೋರಿಸಿದ. "ಇದೊಂದು ಬಿಟ್ಕೊಡಮ್ಮ. ಬಂದೋರು ಕೂತ್ಕೊಂಡ್ರೆ ಕಾಣೋದು ಇದೇ. ಇದೊಂದೇ."

ಹೂಂ ಅನ್ನಬೇಕಿತ್ತು. ಒಂದು ಗೋಡೆಯ ಸಿಮೆಂಟಿನಿಂದ ಭೂಮಿಯೇನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ನಾನು ಕ್ಲಾಸಿನಲ್ಲಿ ನಿಂತವಳ ಹಾಗೆ, ಸಿಮೆಂಟು ಮಾಡಲು ಎಷ್ಟು ಕಲ್ಲಿದ್ದಲು ಉರಿಯುತ್ತದೆ, ಎಷ್ಟು ಹೊಗೆ ಏಳುತ್ತದೆ ಎಂದು ಪಾಠ ಒಪ್ಪಿಸಿದೆ. "ಜೀವಮಾನವೆಲ್ಲ ಮೆತ್ತಿದ್ದು ಸಾಲದಾ ನಿನಗೆ?" ಎಂದೂ ಕೇಳಿದೆ. ಅಪ್ಪನ ಮುಖ ಸಣ್ಣದಾಯಿತು. "ಆಯ್ತು ಬಿಡಮ್ಮ, ನೀನು ಓದಿದೋಳು" ಎಂದು ಚೀಲ ಎತ್ತಿಕೊಂಡು ಹೊರಗೆ ಹೋದ. ಆಮೇಲೆ ಅವನು ಗಿಲಾವಿನ ಮಾತೇ ಎತ್ತಲಿಲ್ಲ.

ಗೃಹಪ್ರವೇಶವಾಗಿ ವರ್ಷ ಕಳೆದಿತ್ತು, ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಆಸ್ಪತ್ರೆಯಿಂದ ಕರೆತಂದು ನಡುಮನೆಯಲ್ಲೇ ಮಂಚ ಹಾಕಿದೆ. ಬೇರೆ ಕೋಣೆಯ ಬಾಗಿಲಲ್ಲಿ ಆ ಮಂಚ ತೂರುತ್ತಿರಲಿಲ್ಲ. ಹಗಲೆಲ್ಲ ಅವನ ಕಣ್ಣೆದುರಿಗೆ ಆ ಪಡುವಣ ಗೋಡೆಯೇ. ನಾನು ಶಾಲೆಯಿಂದ ಬಂದವಳು ಅದಕ್ಕೆ ಬೆನ್ನು ಹಾಕಿ ಕೂತು ಅವನಿಗೆ ಊಟ ಮಾಡಿಸುತ್ತಿದ್ದೆ. ಒಂದೊಂದು ದಿನ ಅಳು ತಡೆಯಲಾಗುತ್ತಿರಲಿಲ್ಲ.

ಒಂದು ಭಾನುವಾರ, ಗೃಹಪ್ರವೇಶಕ್ಕೆ ಬರಲಾಗದಿದ್ದ ಅಪ್ಪನ ಹಳೆಯ ಜೊತೆಗಾರರೊಬ್ಬರು ನೋಡಲು ಬಂದರು. ಅವರೂ ಗಾರೆ ಕೆಲಸದವರೇ. "ಇಲ್ಲು ಬಾಗುಂದಿ" ಎಂದು ತೆಲುಗಿನಲ್ಲೇ ಮನೆಯನ್ನು ಹೊಗಳಿದರು. ಆಮೇಲೆ ಆ ಗೋಡೆ ಮುಟ್ಟಿ, "ಆದ್ರೆ ಇದ್ಯಾಕಣ್ಣಾ, ಮಗಳ ಮನೇನೇ ಹಿಂಗ್ ಬಿಟ್ಬಿಟ್ಟಿದೀಯ?" ಅಂದರು.

ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಹೇಳಲಿ, ನಾನು ಅಂದ ಮಾತನ್ನೂ ಸೇರಿಸಿ ಎಲ್ಲ ಹೇಳಿಬಿಡಲಿ ಅಂದುಕೊಂಡೆ.

ಅಪ್ಪ ಸೊಟ್ಟಗಾದ ಬಾಯಲ್ಲಿ ಒಂದೊಂದೇ ಮಾತು ಕೂಡಿಸಿಕೊಂಡು ಹೇಳಿದ: "ಅವಳು ಮರಳು, ಸಿಮೆಂಟು ಎಲ್ಲಾ ತರಿಸಿಟ್ಟಿದ್ಲು ಕಣಪ್ಪ. ಅಷ್ಟರಲ್ಲಿ ನನ್ ಕೈ ಬಿದ್ದೋಯ್ತು. ಬೇರೆಯೋರ ಕೈಲಿ ಮಾಡ್ಸಲ್ಲ ಅಂತ ಹಠ ಹಿಡಿದು ಕೂತವ್ಳೆ."

ಅವರು ನನ್ನ ಕಡೆ ತಿರುಗಿ, "ಇದ್ರೆ ಇಂಥ ಮಗಳಿರಬೇಕಮ್ಮ" ಅಂದರು. ನಾನು ಇಲ್ಲ ಅನ್ನಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದೆ.