ಬಣ್ಣ ಬಿಡುವ ಚಿತ್ರಗಳು

ಮೊನ್ನೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ಸಿಗೆ ಕಾಯುತ್ತಿದ್ದಾಗ ಯಾವುದೋ ಮಿಲ್ಲಿನಿಂದ ಶೇಂಗಾ ಎಣ್ಣೆಯ ವಾಸನೆ ತೇಲಿಬಂತು. ನಿಮಗಾದರೆ ಬೋಂಡ ನೆನಪಾಗುತ್ತಿತ್ತು. ನನಗೆ ನೆನಪಾಗುವುದಿಲ್ಲ, ಕಾಣುತ್ತದೆ. ಎದುರಿನ ಬೋಳು ಗೋಡೆಯ ಮೇಲೆ ಗಾಜಿನ ಬಾಗಿಲಿನ ರೇಷ್ಮೆ ಅಂಗಡಿಯೊಂದು ಎದ್ದು ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ನಾನೇ! ಹಳೆಯ ಪರಿಚಯ, ಏನಪ್ಪಾ ಚೆನ್ನಾಗಿದ್ದೀಯಾ ಎಂದು ಮನಸ್ಸಿನಲ್ಲೇ ವಿಚಾರಿಸಿಕೊಂಡೆ.

ಈ ಅಂಗಡಿ ಮೊದಲು ಕಂಡದ್ದು ತೊಂಬತ್ತರ ದಶಕದಲ್ಲಿ, ನಾನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಾಗ. ಟೂರಿಂಗ್ ಟಾಕೀಸು ಬೇರೆಯವರ ಊರಿಗೆ ಬಂದು ಹೋಗುತ್ತದೆ. ನನ್ನ ತಲೆಯಲ್ಲಿ ಅದು ಕಾಯಂ ಆಗಿ ಬೀಡುಬಿಟ್ಟಿತ್ತು. ಟಿಕೆಟ್ಟಿಲ್ಲ, ಇಂಟರ್ವಲ್ಲೂ ಇಲ್ಲ. ಒಂದು ಬೇಸಿಗೆಯಲ್ಲಿ ನನಗೆ ನಿದ್ದೆಯೇ ಬೇಡವಾಯಿತು, ಮಾತು ಲಗಾಮಿಲ್ಲದೆ ಓಡತೊಡಗಿತು, ಚಳ್ಳಕೆರೆಯಲ್ಲಿ ನನ್ನ ಅಂಗಡಿ ಕಂಡಿತು. ಎಷ್ಟು ನಿಚ್ಚಳವಾಗಿ ಎಂದರೆ, ತೋರಣದಲ್ಲಿ ಒಂದು ಮಾವಿನೆಲೆ ಬಾಡಿದ್ದೂ ಕಂಡಿತು. ಇಷ್ಟು ಕಂಡ ಮೇಲೆ ಅನುಮಾನ ಯಾಕೆ, ನೀವೇ ಹೇಳಿ? ಅಕ್ಷತೆ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಪ್ರಾರಂಭೋತ್ಸವಕ್ಕೆ ಕರೆದೆ. ಕರೆದವರು ಬಂದೂಬಿಟ್ಟರು, ಹಾರ ತೆಂಗಿನಕಾಯಿ ಸಮೇತ.

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿದ್ದ ಗೆಳೆಯ ನಾಗರಾಜ ನಾನು ತೋರಿಸಿದ ಖಾಲಿ ಜಾಗವನ್ನು ಕಣ್ಣು ಕಿರಿದು ಮಾಡಿ ನೋಡಿದ. "ಲೇ, ಅಂಗಡಿ ಎಲ್ಲೈತಲೇ?"

"ಕಾಣ್ತಿಲ್ವೇನೋ? ಚಪ್ಲಿ ಬಿಟ್ಟು ಒಳಗ್ ಬಾ."

ಪುಣ್ಯಾತ್ಮ, ಬಿಟ್ಟ! ಆಮೇಲೆ ಅವನೇ ನನ್ನ ಕೈಹಿಡಿದು ಚಿತ್ರದುರ್ಗದ ಡಾಕ್ಟರ ಹತ್ತಿರ ಕರೆದೊಯ್ದ.

ಅವರು ಇದು ಬೈಪೋಲಾರ್ ಎಂದರು. ಒಮ್ಮೆ ಮುಗಿಲಿಗೆ ಏರಿಸಿ, ಇನ್ನೊಮ್ಮೆ ಪಾತಾಳಕ್ಕೆ ತಳ್ಳುವ ಕಾಯಿಲೆಯಂತೆ. "ಬೇರೆಯವರಿಗೆ ಎಷ್ಟೋ ಸಲ ಚಿಂತೆ ಮಾತಾಗಿ ಬರುತ್ತೆ, ನಿಮಗೆ ಚಿತ್ರವಾಗಿ ಬರುತ್ತೆ. ಚಿತ್ರ ಎದೆಗೆ ಜೋರಾಗಿ ಬಡಿಯುತ್ತೆ," ಎಂದು ಮಾತ್ರೆ ಬರೆದುಕೊಟ್ಟರು. ಕಾಯಿಲೆಗೆ ಇಂಗ್ಲಿಷ್ ಹೆಸರಿದೆಯೆಂದು ನಾನು ಊರಲ್ಲಿ ಸ್ವಲ್ಪ ಬೀಗಿದ್ದೂ ಉಂಟು.

ಬೀಗಿದ್ದು ಪಾತಾಳದ ಪಾಳಿ ಬರುವವರೆಗೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕೈ ಏಳುತ್ತಿರಲಿಲ್ಲ. ಕಣ್ಣೆದುರು ಒಂದೇ ಚಿತ್ರ: ನಾನಿಲ್ಲದ ನನ್ನ ಮನೆ. ಅಂಗಳ ಚೊಕ್ಕಟವಾಗಿದೆ, ನನ್ನ ಹೆಂಡತಿ ತಿಪ್ಪಮ್ಮ ಮಗ್ಗದಲ್ಲಿ ನಗುತ್ತಾ ಕೂತಿದ್ದಾಳೆ. ಎಲ್ಲರಿಗೂ ಹಗುರವಾಗಿದೆ. ಇದರಲ್ಲಿ ತಮಾಷೆ ಏನೂ ಇರಲಿಲ್ಲ. ಅಂಗಡಿಯನ್ನು ನಂಬಿದ ಹಾಗೆಯೇ ಇದನ್ನೂ ನಂಬಿದ್ದೆ, ನಿಜ ಮಾಡಿಬಿಡಬೇಕೆಂದು ಮನಸ್ಸು ಹೊರಟಿತ್ತು. ನನ್ನ ಬಗ್ಗೆ ನನಗೇ ಭಯವಾಗುತ್ತಿತ್ತು.

ತಿಪ್ಪಮ್ಮ ನನ್ನ ಅಕ್ಕನ ಮಗಳು, ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಾಳೆ. ಒಂದು ಮಧ್ಯಾಹ್ನ ಅವಳು ಹೊಸದಾಗಿ ಬಣ್ಣ ಹಾಕಿಸಿದ ರೇಷ್ಮೆ ನೂಲನ್ನು ನೆನೆಸಿ, ಬಿಳಿ ಬಟ್ಟೆಯಲ್ಲಿಟ್ಟು ಹಿಂಡುತ್ತಿದ್ದಳು. ಬಣ್ಣ ಬಿಡುವ ನೂಲು ಮಗ್ಗಕ್ಕೇರಿದರೆ ಸೀರೆಯೇ ಹಾಳು, ಅದಕ್ಕೇ ಈ ಪರೀಕ್ಷೆ.

"ಏನ್ ಕಾಣ್ತೈತೆ ಮಾವ?" ಎಂದಳು ತಲೆಯೆತ್ತದೆ.

ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ನಾನು ನಗ್ತಿದ್ನಾ?"

"ಹೂಂ."

"ಯಾವ ಸೀರೆ ಉಟ್ಕಂಡಿದ್ದೆ?"

"ಮದ್ವೆದು. ಕೆಂಪಂಚಿಂದು."

"ಅದನ್ನ ಇಲಿ ಕಡೀತು ಅಂತ ಮಗೀಗೆ ಜೋಲಿ ಮಾಡಿದ್ವಲ್ಲ! ಕಟ್ಟಿದೋನು ನೀನೇ!" ಬಿಳಿ ಬಟ್ಟೆಯನ್ನು ನನ್ನ ಮುಖದ ಮುಂದೆ ಹಿಡಿದಳು. ಅದು ತುಂಬಾ ಕೆಂಪಾಗಿತ್ತು. "ನೋಡು, ನಿನ್ ಚಿತ್ರಾನೂ ಹಿಂಗೇ ಬಣ್ಣ ಬಿಡ್ತೈತೆ. ನೀನಿಲ್ದಿದ್ರೆ ನಾನ್ಯಾಕ್ ನಗ್ಲಿ ಮಾವ? ಇನ್ಮೇಲೆ ಏನ್ ಕಂಡ್ರೂ ಮೊದ್ಲು ನಂಗೆ ಹೇಳು, ಹಿಂಡಿ ನೋಡಾಣ."

ಹೇಳುತ್ತಾ ಹೇಳುತ್ತಾ ಅತ್ತಳು. ನಾನೂ ಅತ್ತೆ. ಮಾರನೆಯ ದಿನವೇ ಅವಳು ನನ್ನನ್ನು ಡಾಕ್ಟರ ಹತ್ತಿರ ಕೂರಿಸಿ, ಚಿತ್ರವನ್ನು ಅವರಿಗೂ ಹೇಳಿಸಿದಳು. ಮಾತ್ರೆ ಬದಲಾಯಿತು. ನಾನು ಉಳಿದದ್ದರಲ್ಲಿ ಮಾತ್ರೆಯ ಪಾಲೆಷ್ಟು, ಹೆಂಡತಿಯ ಪಾಲೆಷ್ಟು ಎಂದು ಕೇಳಬೇಡಿ, ಡಾಕ್ಟರೂ ಹೇಳಲಿಲ್ಲ.

ಮೊನ್ನೆಯ ಬಸ್ಸು ಅಂತೂ ಬಂತು. ದಾರಿಯಲ್ಲಿ ಇನ್ನೊಂದು ಚಿತ್ರವೂ ಬಂತು: ಮನೆ ಮುಂದೆ ಜನ, ಒಳಗೆ ತಿಪ್ಪಮ್ಮ ಶಾಂತವಾಗಿ ಮಲಗಿದ್ದಾಳೆ. ಬಣ್ಣ ಬಿಡುವ ಸರಕು ಎಂದು ಗೊತ್ತಿದ್ದರೂ ನಿಲ್ದಾಣದಿಂದ ಮನೆಗೆ ಹೆಚ್ಚುಕಡಿಮೆ ಓಡಿದೆ. ಬಾಗಿಲಲ್ಲಿ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸೆರಗು ಹರಿದಿತ್ತು, ಮುಖ ಸಿಡಿಮಿಡಿ.

"ಮಾತ್ರೆ ನುಂಗ್ದೆ ಹೋಗಿದ್ದೀಯಲ್ಲ, ನಾಚ್ಕೆ ಆಗಲ್ವಾ ಮಾವ?"

ನಗುವಿನ ಸುಳಿವೇ ಇರಲಿಲ್ಲ. ಸದ್ಯ, ಇವಳು ನಿಜ.